ಗವರ್ನರ್–ಜಡ್ಜ್ ಜಗಳದಲ್ಲಿ ಬಡವಾದ ಕೂಸು

ಪ್ರಶ್ನೆ: ನಾನು ಹುಬ್ಬಳ್ಳಿಯ ಕಾನೂನು ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ನವೆಂಬರ್ 26ರ ಸಂವಿಧಾನ ದಿನಕ್ಕೆ ವಿದ್ಯಾರ್ಥಿಗಳಿಂದ 20 ನಿಮಿಷದ ನಾಟಕ ಮಾಡಿಸಬೇಕು. ಒಂದು ವಾಟ್ಸಾಪ್ ಸಂದೇಶ ನೋಡಿ ಕಥೆ ಆರಿಸಿಕೊಂಡೆ. ಅದರಲ್ಲಿ ಹೀಗಿತ್ತು: 1829ರಲ್ಲಿ ಬಾಂಬೆಯ ಇಂಗ್ಲಿಷ್ ಜಡ್ಜ್ ಒಬ್ಬರು ಒಬ್ಬ ಭಾರತೀಯ ಬಾಲಕನಿಗಾಗಿ ಗವರ್ನರ್ ಎದುರು ನಿಂತರು, ಕೋರ್ಟಿಗೇ ಬೀಗ ಹಾಕಿದರು, ಕೊನೆಗೆ ಇಂಗ್ಲೆಂಡಿನ ರಾಜ ಜಡ್ಜ್ ಪರ ತೀರ್ಪು ಕೊಟ್ಟು ಬಾಲಕನನ್ನು ಬಿಡಿಸಿದ. ಪ್ರಿನ್ಸಿಪಾಲರಿಗೆ ಕಥೆ ಬಹಳ ಹಿಡಿಸಿದೆ. ಆದರೆ ಇತಿಹಾಸ ಓದಿದ ಸಹೋದ್ಯೋಗಿಯೊಬ್ಬರು, ತಪ್ಪು ಜಡ್ಜ್‌ದೇ, ಗವರ್ನರ್ ಸರಿ ಅಂತ ವಾದಿಸುತ್ತಿದ್ದಾರೆ. ವಿದ್ಯಾರ್ಥಿಗಳದ್ದು ಬೇರೆಯೇ ಪ್ರಶ್ನೆ: ಜಡ್ಜ್ ಆದವರು ಕೋರ್ಟ್ ಮುಚ್ಚಬಹುದಾ? ಸ್ಕ್ರಿಪ್ಟ್ ಅರ್ಧ ಆಗಿದೆ. ಸುಳ್ಳನ್ನು ವೇದಿಕೆಗೆ ತರಬಾರದು ಅನ್ನುವ ಭಯ. ದಯವಿಟ್ಟು ತಿಳಿಸಿ.

ಉತ್ತರ:

ಮೇಡಂ, ಸ್ಕ್ರಿಪ್ಟ್ ಅರ್ಧಕ್ಕೇ ನಿಲ್ಲಿಸಿದ್ದು ಒಳ್ಳೆಯದಾಯಿತು. ಆ ಸಂದೇಶದ ಮೊದಲ ಅರ್ಧ ನಿಜ, ಉಳಿದ ಅರ್ಧ ಸುಳ್ಳು. ಜಡ್ಜ್ ಇದ್ದದ್ದು ನಿಜ, ಅವರ ಹೆಸರು ಸರ್ ಜಾನ್ ಪೀಟರ್ ಗ್ರಾಂಟ್. ಗವರ್ನರ್ ಸರ್ ಜಾನ್ ಮಾಲ್ಕಮ್. ಹುಡುಗ ಮೋರೋ ರಘುನಾಥ, ಪುಣೆಯವನು, ವಯಸ್ಸು 14. ಗ್ರಾಂಟ್ 1829ರ ಏಪ್ರಿಲ್ 1ರಂದು ಕೋರ್ಟಿನ ಕೆಲಸ ನಿಲ್ಲಿಸಿದ್ದೂ ನಿಜ. ಆದರೆ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಂದರೆ ಆಗ ಇಲ್ಲಿನ ಕೋರ್ಟುಗಳ ಮೇಲಿನ ಕೊನೆಯ ಅಪೀಲಿನ ಜಾಗ, ಹೇಳಿದ್ದು ಜಡ್ಜ್ ವಿರುದ್ಧವಾಗಿ. ಹುಡುಗನನ್ನು ಯಾವ ರಾಜನೂ ಬಿಡಿಸಲಿಲ್ಲ. ಅವನು ಕೋರ್ಟಿನ ಮುಂದೆ ಬರಲೇ ಇಲ್ಲ.

ಹಾಗಂತ ನಿಮ್ಮ ಸಹೋದ್ಯೋಗಿ ಗೆದ್ದರು ಅಂತಲೂ ಹೇಳಲಾರೆ. ಇಲ್ಲಿ ಎರಡು ಜಗಳಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಒಂದರಲ್ಲಿ ಜಡ್ಜ್ ಸೋತರು. ಇನ್ನೊಂದರಲ್ಲಿ, ನನ್ನ ಲೆಕ್ಕದಲ್ಲಿ, ಗವರ್ನರ್ ಮಾಡಿದ್ದು ಶುದ್ಧ ತಪ್ಪು. ವಕೀಲಿಕೆಯಲ್ಲಿ ಇದು ದಿನಾ ಕಾಣುವ ಸಂಗತಿ. ಒಂದು ಅಂಶದಲ್ಲಿ ಗೆದ್ದ ಕಕ್ಷಿದಾರ ಎಲ್ಲದರಲ್ಲೂ ಗೆದ್ದೆ ಅಂದುಕೊಂಡು ಊರಿಗೆಲ್ಲ ಪೇಡಾ ಹಂಚುತ್ತಾನೆ. ಆದೇಶ ಪೂರ್ತಿ ಓದಿದವರಿಗೆ ಮಾತ್ರ ನಿಜ ಗೊತ್ತಿರುತ್ತದೆ.

ಮೊದಲು ಆಗಿನ ಬಾಂಬೆ ಹೇಗಿತ್ತು ನೋಡೋಣ. ಇದು ತಿಳಿಯದಿದ್ದರೆ ಜಗಳ ಅರ್ಥವಾಗುವುದಿಲ್ಲ.

ಒಂದೇ ಊರಿನಲ್ಲಿ ಎರಡು ಸರ್ಕಾರ ಇದ್ದ ಹಾಗಿತ್ತು. ಆಡಳಿತ ಈಸ್ಟ್ ಇಂಡಿಯಾ ಕಂಪನಿಯದು. ಪುಣೆ, ಠಾಣೆ, ನಮ್ಮ ಧಾರವಾಡ, ಎಲ್ಲ ಕಡೆ ಕಂಪನಿಯವೇ ಅದಾಲತ್‌ಗಳು. ಅಲ್ಲಿ ಕೂರುವವರು ಕಂಪನಿಯ ಸಂಬಳದ ನೌಕರರು, ಅದರಲ್ಲಿ ಎಷ್ಟೋ ಜನ ಕಾನೂನು ಓದಿದವರೇ ಅಲ್ಲ. ಆದರೆ ಬಾಂಬೆ ದ್ವೀಪದಲ್ಲಿ 1824ರಲ್ಲಿ ಶುರುವಾದ ಸುಪ್ರೀಂ ಕೋರ್ಟ್ ಕಂಪನಿಯದಲ್ಲ, ಇಂಗ್ಲೆಂಡಿನ ರಾಜನದು. ಜಡ್ಜ್‌ಗಳು ಅಲ್ಲಿಂದಲೇ ನೇಮಕವಾಗಿ ಬಂದ ಬ್ಯಾರಿಸ್ಟರುಗಳು. ಅಪೊಲೋ ಸ್ಟ್ರೀಟಿನ ಹಾರ್ನ್‌ಬಿ ಹೌಸ್ ಎಂಬ ಹಳೆಯ ಬಂಗಲೆಯಲ್ಲಿ ಕೋರ್ಟ್ ನಡೆಯುತ್ತಿತ್ತು. ಆ ಕಟ್ಟಡ ಇವತ್ತಿಗೂ ಮುಂಬೈಯ ಲಯನ್ ಗೇಟ್ ಎದುರಿಗೆ ನಿಂತಿದೆ, ಗ್ರೇಟ್ ವೆಸ್ಟರ್ನ್ ಬಿಲ್ಡಿಂಗ್ ಅನ್ನುತ್ತಾರೆ. ವಿದ್ಯಾರ್ಥಿಗಳನ್ನು ಮುಂಬೈಗೆ ಕರೆದುಕೊಂಡು ಹೋದರೆ ತೋರಿಸಿ.

ಈ ಕೋರ್ಟಿನ ಕೈ ಎಲ್ಲಿಯವರೆಗೆ? ದ್ವೀಪದ ಒಳಗಿರುವ ಎಲ್ಲರ ಮೇಲೂ ಇದೆ. ದ್ವೀಪದ ಹೊರಗೆ, ಇಡೀ ಪ್ರೆಸಿಡೆನ್ಸಿಯಲ್ಲಿ, ಅಂದರೆ ಬಾಂಬೆ ಸರ್ಕಾರದ ಪ್ರಾಂತ್ಯದಲ್ಲಿ, ಎಲ್ಲೇ ಇರಲಿ, ಇಂಗ್ಲಿಷ್ ಪ್ರಜೆಗಳ ಮೇಲೆ ಇದೆ. ಹೊರಗಿನ ದೇಶೀ ಜನರ ಮೇಲೆ? ಜಗಳ ಹುಟ್ಟಿದ್ದೇ ಇಲ್ಲಿ. 1818ರಲ್ಲಿ ಪೇಶ್ವೆ ಸೋತ ಮೇಲೆ ಧಾರವಾಡವೂ ಬಾಂಬೆ ಪ್ರೆಸಿಡೆನ್ಸಿಗೆ ಸೇರಿತಲ್ಲ, ಆಗ ನಿಮ್ಮೂರ ಕಡೆಯವರೊಬ್ಬರು ಹಾರ್ನ್‌ಬಿ ಹೌಸಿನ ಮೆಟ್ಟಿಲು ಹತ್ತಿ, ನನ್ನ ತಮ್ಮನನ್ನು ದೊಡ್ಡಪ್ಪ ವಾಡೆಯಲ್ಲಿ ಕೂಡಿಹಾಕಿದ್ದಾರೆ ಅಂದಿದ್ದರೆ ಕೋರ್ಟ್ ಕೇಳಬಹುದಿತ್ತಾ? ಇದೇ ಪ್ರಶ್ನೆ.

ಈಗ ರಿಟ್, ಅಂದರೆ ಕೋರ್ಟ್ ಹೊರಡಿಸುವ ಲಿಖಿತ ಆಜ್ಞೆಯ ವಿಷಯ. ಹೇಬಿಯಸ್ ಕಾರ್ಪಸ್ ಅಂದರೆ ನಿಮ್ಮ ವಿದ್ಯಾರ್ಥಿಗಳಿಗೆ ಗೊತ್ತೇ ಇದೆ. ಆದರೆ ನಾಟಕ ಬರೆಯುವಾಗ ಒಂದು ಸಣ್ಣ ವಿಷಯ ಮರೆಯಬೇಡಿ. ಈ ಕಾಗದ ಬಂಧನದಲ್ಲಿರುವವನಿಗೆ ಹೋಗುವುದಲ್ಲ. ಹಿಡಿದಿಟ್ಟುಕೊಂಡವನಿಗೆ ಹೋಗುತ್ತದೆ. ‘ಅವನನ್ನು ತಂದು ನಮ್ಮ ಮುಂದೆ ನಿಲ್ಲಿಸು, ಯಾಕೆ ಹಿಡಿದಿದ್ದೀಯ ಅಂತ ಬರೆದು ಹೇಳು’ ಅಂತ. ಹಾಗಾಗಿ ಮೊದಲ ಪ್ರಶ್ನೆ ಯಾವಾಗಲೂ ಇದು: ಹಿಡಿದವನ ಮೇಲೆ ಈ ಕೋರ್ಟಿಗೆ ಅಧಿಕಾರ ಇದೆಯಾ?

1828ರಲ್ಲಿ ಇಂಥ ಎರಡು ರಿಟ್ ಹೊರಟವು. ಒಂದು ಠಾಣೆ ಜೈಲಿನ ಅಧಿಕಾರಿಗೆ. ಕಂಪನಿಯ ಅದಾಲತ್ ಶಿಕ್ಷೆ ಕೊಟ್ಟಿದ್ದ ಬಾಪು ಗಣೇಶ ಎಂಬುವವನನ್ನು ಹಾಜರುಪಡಿಸು ಅಂತ. ಇನ್ನೊಂದು ಪುಣೆಯ ಪಾಂಡುರಂಗ ರಾಮಚಂದ್ರ ಎಂಬುವವರಿಗೆ. ಅವರು ಪೇಶ್ವೆಯ ನಂಟಸ್ತಿಕೆಯ ದೊಡ್ಡ ಮನೆತನದವರು. ಮನೆಯ ಹುಡುಗ ಮೋರೋ ರಘುನಾಥ ಅವರ ಸುಪರ್ದಿಯಲ್ಲಿದ್ದ. ಹುಡುಗನನ್ನು ಬಲವಂತವಾಗಿ ಇಟ್ಟುಕೊಂಡಿದ್ದಾರೆ ಅಂತ ಇನ್ನೊಂದು ಕಡೆಯವರು ಬಾಂಬೆಗೆ ಬಂದು ಅರ್ಜಿ ಹಾಕಿದರು. ದೊಡ್ಡ ಮನೆ, ಅಪ್ರಾಪ್ತ ವಯಸ್ಸಿನ ಹುಡುಗ, ಅವನನ್ನು ನೋಡಿಕೊಳ್ಳುವವರು ಯಾರು ಅನ್ನುವ ತಕರಾರು. ಇಂಥ ಕೇಸುಗಳು ನನ್ನ ಟೇಬಲ್ ಮೇಲೂ ಎಷ್ಟೋ ಬಂದಿವೆ. ಪ್ರೀತಿ ಯಾವುದು, ಆಸ್ತಿ ಯಾವುದು ಅಂತ ಬಿಡಿಸಿ ನೋಡುವುದು ಕಷ್ಟ.

ಮಾಲ್ಕಮ್‌ಗೆ ಇದು ನುಂಗಲಾರದ ತುತ್ತಾಯಿತು. ಯಾಕೆ ಅಂತ ಸ್ವಲ್ಪ ಅವರ ಕುರ್ಚಿಯಲ್ಲಿ ಕೂತು ನೋಡಬೇಕು. ಅವರನ್ನು ಒರಟು ಸಿಪಾಯಿ ಅಂತ ತೋರಿಸಬೇಡಿ. ಹದಿಹರೆಯದಲ್ಲೇ ಭಾರತಕ್ಕೆ ಬಂದವರು, ಪರ್ಷಿಯನ್ ಕಲಿತವರು, ಪರ್ಷಿಯಾದ ಇತಿಹಾಸ ಬರೆದವರು. 1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರಿನ ವ್ಯವಸ್ಥೆ ಮಾಡಲು ಕೂತ ಆಯೋಗಕ್ಕೆ ಥಾಮಸ್ ಮನ್ರೋ ಜೊತೆ ಕಾರ್ಯದರ್ಶಿ ಆಗಿದ್ದವರು ಇದೇ ಮಾಲ್ಕಮ್. ಆಮೇಲೆ ಮೈಸೂರಿನ ರೆಸಿಡೆಂಟ್, ಅಂದರೆ ಅಲ್ಲಿ ಕಂಪನಿಯ ಪ್ರತಿನಿಧಿ, ಕೂಡ ಆದರು. 1818ರಲ್ಲಿ ಎರಡನೇ ಬಾಜಿರಾಯನ ಶರಣಾಗತಿಯ ಮಾತುಕತೆ ನಡೆಸಿದವರೂ ಇವರೇ. ಪೇಶ್ವೆಯ ಸರದಾರರಿಗೆ ಕಂಪನಿ ಕೊಟ್ಟ ಮಾತು ಏನು ಅಂತ ಇವರಿಗೆ ಚೆನ್ನಾಗಿ ಗೊತ್ತಿತ್ತು: ನಿಮ್ಮ ಮಾನ ಮರ್ಯಾದೆ ಉಳಿಸುತ್ತೇವೆ, ಕಂಡಕಂಡ ಕೋರ್ಟಿಗೆ ಎಳೆಯುವುದಿಲ್ಲ. ಅದಕ್ಕಾಗಿಯೇ ಸರದಾರರ ವಿಷಯ ನೋಡಲು ಪುಣೆಯಲ್ಲಿ ಪ್ರತ್ಯೇಕ ಏಜೆಂಟ್ ಇದ್ದರು. ಗೆದ್ದು ಹತ್ತು ವರ್ಷವಾಗಿದೆ ಅಷ್ಟೇ. ಈಗ ಬಾಂಬೆಯ ಅಮೀನನೊಬ್ಬ ಮೊಹರು ಒತ್ತಿದ ಕಾಗದ ಹಿಡಿದು ಪುಣೆಯ ವಾಡೆಯ ಬಾಗಿಲು ಬಡಿದರೆ ಸರದಾರರೆಲ್ಲ ಏನಂದುಕೊಂಡಾರು? ಜೊತೆಗೆ, ಕಂಪನಿಯ ಜೈಲಿನಲ್ಲಿ ಇರುವ ಕೈದಿಗಳೆಲ್ಲ ನಾಳೆ ಬಾಂಬೆಗೆ ಅರ್ಜಿ ಹಾಕಿದರೆ ಅದಾಲತ್‌ಗಳ ಮಾತಿಗೆ ಬೆಲೆ ಎಲ್ಲಿ?

ಇದು ಸುಮ್ನೆ ಸಬೂಬಲ್ಲ, ತೂಕ ಇರುವ ವಾದ. ವಾದ ಸರಿ ಇದ್ದರೆ ಅದನ್ನು ಮಂಡಿಸಲು ಜಾಗ ಇತ್ತು. ಕೋರ್ಟ್ ಇತ್ತು, ಕಂಪನಿಗೆ ಅಡ್ವೊಕೇಟ್ ಜನರಲ್ ಇದ್ದರು. ಎದ್ದು ನಿಂತು ‘ಸ್ವಾಮಿ, ನಿಮಗೆ ಈ ಅಧಿಕಾರ ಇಲ್ಲ’ ಅನ್ನಬಹುದಿತ್ತು. ಒಪ್ಪದಿದ್ದರೆ ಲಂಡನ್ನಿಗೆ ಅಪೀಲು. ಮಾಲ್ಕಮ್ ಮಾಡಿದ್ದು ಬೇರೆ. 1828ರ ಅಕ್ಟೋಬರ್ 3ರಂದು ಜಡ್ಜ್‌ಗಳಿಗೆ ನೇರವಾಗಿ ಒಂದು ಪತ್ರ ಬರೆದರು. ಅದಕ್ಕೆ ಅವರ ಜೊತೆ ಸೇನೆಯ ಮುಖ್ಯಸ್ಥ ಸರ್ ಥಾಮಸ್ ಬ್ರಾಡ್‌ಫರ್ಡ್ ಮತ್ತು ಗವರ್ನರ್ ಕೌನ್ಸಿಲಿನ ಇಬ್ಬರು ಸದಸ್ಯರ ಸಹಿ. ಪತ್ರದ ಸಾರ ಇಷ್ಟು: ಮೋರೋ ರಘುನಾಥನ ಪ್ರಕರಣದಲ್ಲಿ ಮುಂದಿನ ಯಾವ ಕ್ರಮಕ್ಕೂ ಅವಕಾಶ ಕೊಡಬಾರದು ಅಂತ ಆದೇಶಿಸಿದ್ದೇವೆ. ನಮ್ಮ ಪ್ರಾಂತೀಯ ಕೋರ್ಟುಗಳ ಅಧಿಕಾರಿಗಳಿಗಾಗಲಿ, ಬಾಂಬೆ ದ್ವೀಪದ ಹೊರಗಿನ ದೇಶೀ ಪ್ರಜೆಗಳಿಗಾಗಲಿ ಇಂಥ ರಿಟ್ ಬಂದರೆ ಉತ್ತರ ಕೊಡಬೇಡಿ ಅಂತಲೂ ಹೇಳಿದ್ದೇವೆ. ಲಂಡನ್ನಿನಿಂದ ತೀರ್ಮಾನ ಬರುವವರೆಗೆ ನೀವು ತಡೆದುಕೊಂಡರೆ ಒಳ್ಳೆಯದು.

ಇದನ್ನು ಎರಡು ಸಲ ಓದಿ ಮೇಡಂ. ಕೇಸು ನಡೆಯುತ್ತಿದೆ. ಗವರ್ನರ್ ಜಡ್ಜ್‌ಗೆ ಖಾಸಗಿಯಾಗಿ ಬರೆಯುತ್ತಿದ್ದಾರೆ. ಅಷ್ಟೇ ಅಲ್ಲ, ನಿಮ್ಮ ಆದೇಶ ಪಾಲಿಸಬೇಡಿ ಅಂತ ಜನರಿಗೆ ಆಗಲೇ ಹೇಳಿಬಿಟ್ಟಿದ್ದೇವೆ ಅಂತ ತಿಳಿಸುತ್ತಿದ್ದಾರೆ. ಪತ್ರದ ಕೆಳಗೆ ಸೇನಾಪತಿಯ ಸಹಿ. ಕೌನ್ಸಿಲಿನಲ್ಲಿ ಅವರಿಗೂ ಒಂದು ಕುರ್ಚಿ ಇತ್ತು, ಹಾಗಾಗಿ ಸಹಿ ಹಾಕಿದ್ದರಲ್ಲಿ ನಿಯಮದ ತಪ್ಪಿಲ್ಲ. ಆದರೆ ಬೆಂಚಿನ ಮೇಲೆ ಕೂತವರಿಗೆ ಆ ಸಹಿ ಹೇಗೆ ಕಂಡಿರಬೇಡ!

ನಾನು ಜೂನಿಯರ್ ಆಗಿದ್ದಾಗ ನೋಡಿದ ಒಂದು ಸಂಗತಿ ನೆನಪಾಗುತ್ತದೆ. ಒಂದು ತಾಲ್ಲೂಕು ಕೋರ್ಟಿನಲ್ಲಿ ಜಮೀನಿನ ಕೇಸು. ಬೆಳಿಗ್ಗೆ ಕಲಾಪ ಶುರುವಾಗುವ ಮುಂಚೆ ಜಡ್ಜ್ ಒಂದು ಲಕೋಟೆ ಎತ್ತಿ ಹಿಡಿದು, ಇದು ನನ್ನ ಮನೆಗೆ ಬಂದಿದೆ, ಇದರಲ್ಲಿ ಈ ಕೇಸಿನ ಬಗ್ಗೆ ಬರೆದಿದೆ, ಎರಡೂ ಕಡೆಯ ವಕೀಲರು ಓದಿಕೊಳ್ಳಿ ಅಂದರು. ಯಾರೋ ಪ್ರಭಾವಿ ಬರೆದದ್ದು. ಅವರು ಬೈಯಲಿಲ್ಲ, ಕೂಗಾಡಲಿಲ್ಲ. ಲಕೋಟೆಯನ್ನು ಫೈಲಿಗೆ ಸೇರಿಸಿ ಮುಂದಿನ ತಾರೀಕು ಕೊಟ್ಟರು. ಹಾಲ್‌ನಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ.

ಬಾಂಬೆಯಲ್ಲೂ ಮೊದಲ ಹೆಜ್ಜೆ ಇದೇ. ಅಕ್ಟೋಬರ್ 6ರಂದು ಇನ್ನೊಬ್ಬ ಜಡ್ಜ್ ಸರ್ ಚಾರ್ಲ್ಸ್ ಚೇಂಬರ್ಸ್ ಮತ್ತು ಗ್ರಾಂಟ್ ಆ ಪತ್ರವನ್ನು ತುಂಬಿದ ಕೋರ್ಟಿನಲ್ಲಿ ಬಹಿರಂಗ ಮಾಡಿದರು. ಆದರೆ ಇವರು ಸುಮ್ಮನಿರುವ ಪೈಕಿ ಅಲ್ಲ. ದೇವರು ಮತ್ತು ರಾಜ, ಇಬ್ಬರನ್ನು ಬಿಟ್ಟರೆ ಈ ಗೋಡೆಗಳ ಒಳಗೆ ನಮಗೆ ಸರಿಸಮ ಯಾರೂ ಇಲ್ಲ, ಕಂಪನಿಯೂ ಇಲ್ಲಿಗೆ ಎಲ್ಲರ ಹಾಗೆ ಅರ್ಜಿದಾರನಾಗಿಯೇ ಬರಬೇಕು ಎಂಬರ್ಥದ ಮಾತು ಬೆಂಚಿನಿಂದ ಬಂತು. ನಿಮ್ಮ ನಾಟಕದ ಒಳ್ಳೆಯ ದೃಶ್ಯ ಇದೇ.

ಆಮೇಲಿನದು ವಿಧಿಯಾಟ. ಮುಖ್ಯ ನ್ಯಾಯಮೂರ್ತಿ ಸರ್ ಎಡ್ವರ್ಡ್ ವೆಸ್ಟ್ ಆಗಸ್ಟ್‌ನಲ್ಲೇ ತೀರಿಕೊಂಡಿದ್ದರು. ಪತ್ರ ಓದಿ ಒಂದು ವಾರಕ್ಕೆ ಚೇಂಬರ್ಸ್ ಕೂಡ ಹೋದರು. ಮೂರು ಜನರ ಬೆಂಚಿನಲ್ಲಿ ಗ್ರಾಂಟ್ ಒಬ್ಬರೇ ಉಳಿದರು. ಅವರು ಬಾಂಬೆಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಸ್ಕಾಟ್‌ಲೆಂಡಿನ ಜಮೀನುದಾರ ಮನೆತನದವರು, ಪಾರ್ಲಿಮೆಂಟ್ ಸದಸ್ಯರಾಗಿದ್ದವರು. ಆದರೆ ಕುತ್ತಿಗೆ ಮಟ್ಟ ಸಾಲ. ಸಾಲಗಾರರ ಕಾಟ ತಪ್ಪಿಸಿಕೊಂಡು ಹೊಟ್ಟೆಪಾಡಿಗೆ ಹಡಗು ಹತ್ತಿದವರು ಅಂದರೂ ನಡೆಯುತ್ತದೆ. ಈ ವಿವರವನ್ನು ಅವರನ್ನು ಕೆಳಗಿಳಿಸಲು ಹೇಳುತ್ತಿಲ್ಲ. ಸಂಬಳ ಅಷ್ಟು ಬೇಕಿದ್ದ ಮನುಷ್ಯ ಸರ್ಕಾರದ ಜೊತೆ ಜಗಳಕ್ಕೆ ನಿಂತರು ಅನ್ನುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಒಬ್ಬರೇ ಕೂತು ಗ್ರಾಂಟ್ ಹುಡುಗನ ಕೇಸು ಮುಂದುವರಿಸಿದರು. ರಿಟ್ ಮೇಲೆ ರಿಟ್ ಹೋಯಿತು. ಪುಣೆಯಿಂದ ಯಾರೂ ಬರಲಿಲ್ಲ. ಕೋರ್ಟಿನ ಹತ್ತಿರ ಇರುವುದು ಕಾಗದ, ಶಾಯಿ, ಮೊಹರು. ಅದನ್ನು ಜಾರಿ ಮಾಡಲು ಬೇಕಾದ ಪೊಲೀಸು, ಸೈನ್ಯ ಎಲ್ಲ ಇದ್ದದ್ದು ಮಾಲ್ಕಮ್ ಕೈಯಲ್ಲಿ. ಅವರು ನೆರವು ಕೊಡುವುದಿಲ್ಲ ಅಂದರು. ಏಪ್ರಿಲ್ 1ರಂದು ಗ್ರಾಂಟ್ ಘೋಷಿಸಿದರು: ಕೋರ್ಟಿನ ಆದೇಶಕ್ಕೆ ಮರ್ಯಾದೆ ಸಿಗುತ್ತದೆ ಎಂಬ ಭರವಸೆ ಬರುವವರೆಗೆ ಕೋರ್ಟಿನ ಎಲ್ಲ ಕೆಲಸ ಬಂದ್.

ವಿದ್ಯಾರ್ಥಿಗಳ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಜಡ್ಜ್ ಕೋರ್ಟ್ ಮುಚ್ಚಬಹುದಾ? ಆಗ ಅವರನ್ನು ತಡೆಯುವವರು ಹತ್ತಿರದಲ್ಲಿ ಯಾರೂ ಇರಲಿಲ್ಲ, ಆದ್ದರಿಂದ ಮುಚ್ಚಿದರು. ಮುಚ್ಚಬೇಕಿತ್ತಾ ಅಂದರೆ, ಬೇಡವಾಗಿತ್ತು ಅನ್ನುತ್ತೇನೆ. ನಮ್ಮ ಬಾರ್ ಅಸೋಸಿಯೇಷನ್‌ಗಳು ಆಗಾಗ ಕಲಾಪ ಬಹಿಷ್ಕಾರ ಮಾಡುತ್ತವಲ್ಲ, ನಾನೂ ಕರಿಕೋಟು ಹಾಕಿಕೊಂಡು ಗೇಟಿನ ಹತ್ತಿರ ನಿಂತವನೇ. ಒಂದು ಸಲ ಹಾಗೆ ನಿಂತಾಗ ಒಬ್ಬ ಹೆಣ್ಣುಮಗಳು ಬುತ್ತಿಗಂಟು ಹಿಡಿದು ಬಂದು, ಇವತ್ತು ನನ್ನ ಗಂಡನ ಜಾಮೀನು ಅರ್ಜಿ ಇತ್ತು ಸಾಹೇಬ್ರ ಅಂದಳು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆ. ಬಾಂಬೆಯ ಕೋರ್ಟ್ ಮುಚ್ಚಿದಾಗ ಮಾಲ್ಕಮ್ ಊಟ ನಿಲ್ಲಲಿಲ್ಲ. ಪೆಟ್ಟು ಬಿದ್ದದ್ದು ದ್ವೀಪದ ಒಳಗಿನ ಜನಕ್ಕೆ. ಅಲ್ಲಿನ ಜನಕ್ಕೆ ಬೇರೆ ದೊಡ್ಡ ಕೋರ್ಟ್ ಇರಲಿಲ್ಲ. ಗ್ರಾಂಟ್‌ಗೆ ಬೇರೆ ದಾರಿ ಇತ್ತು. ಆದೇಶ ಪಾಲನೆ ಆಗಿಲ್ಲ ಅಂತ ದಾಖಲಿಸಿ, ಆ ಒಂದು ಕೇಸನ್ನು ಬದಿಗಿಟ್ಟು, ಉಳಿದ ಕೆಲಸ ನಡೆಸಿಕೊಂಡು ಹೋಗಬಹುದಿತ್ತು. ರಾಜನಿಗೆ ಅರ್ಜಿ ಅದಾಗಲೇ ಹೋಗಿತ್ತು. ಅದರಲ್ಲೂ ಅಪಾಯ ಇಲ್ಲದಿಲ್ಲ. ಒಂದು ಆದೇಶ ಗಾಳಿಗೆ ಹೋದರೂ ಕೋರ್ಟ್ ಸುಮ್ಮನಿರುತ್ತದೆ ಅಂತ ಗೊತ್ತಾದರೆ, ಮುಂದಿನದ್ದನ್ನು ಪಾಲಿಸುವವರು ಯಾರು? ಆ ಭಯ ಅವರದ್ದು, ಅದು ಸುಳ್ಳು ಭಯವೂ ಅಲ್ಲ.

ಆಗ ಲಂಡನ್ನಿಗೂ ಬಾಂಬೆಗೂ ಪತ್ರ ಹೋಗಬೇಕಾದರೆ ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಬೇಕು. ಬಾಂಬೆಯಿಂದ ಸೂಯೆಜ್‌ಗೆ ಮೊದಲ ಉಗಿಹಡಗು ಹೊರಟದ್ದೇ 1830ರ ಮಾರ್ಚ್‌ನಲ್ಲಿ. ಹಾಗಾಗಿ 1829ರ ಮೇನಲ್ಲಿ ಪ್ರಿವಿ ಕೌನ್ಸಿಲ್ ಈ ಅರ್ಜಿ ಕೇಳುವಾಗ, ಏಪ್ರಿಲ್ 1ಕ್ಕೇ ಕೋರ್ಟ್ ಬಂದ್ ಆಗಿದೆ ಅನ್ನುವ ಸುದ್ದಿ ಅಲ್ಲಿಗೆ ಮುಟ್ಟುವ ಹಾಗೇ ಇರಲಿಲ್ಲ. ಇಲ್ಲಿ ಕುದಿಯುತ್ತಿದ್ದದ್ದೇ ಬೇರೆ, ಅಲ್ಲಿ ತೂಗುತ್ತಿದ್ದದ್ದೇ ಬೇರೆ.

ಪ್ರಿವಿ ಕೌನ್ಸಿಲ್ ಹೇಳಿದ್ದು ಇಷ್ಟು. ಎರಡೂ ರಿಟ್ ಹೊರಡಿಸಿದ್ದು ಸರಿಯಲ್ಲ. ಹೇಬಿಯಸ್ ಕಾರ್ಪಸ್ ಹೋಗಬೇಕಾದರೆ ಹಿಡಿದವನು ಕೋರ್ಟಿನ ಸ್ಥಳೀಯ ಗಡಿಯೊಳಗೆ ವಾಸವಾಗಿರಬೇಕು, ಇಲ್ಲದಿದ್ದರೆ ವೈಯಕ್ತಿಕವಾಗಿ ಆ ಕೋರ್ಟಿನ ಅಧಿಕಾರಕ್ಕೆ ಒಳಪಟ್ಟವನಾಗಿರಬೇಕು. ದೇಶೀ ಅದಾಲತ್ತಿನ ಜೈಲರ್‌ಗೆ, ಅವನು ಜೈಲರ್ ಎಂಬ ಕಾರಣಕ್ಕೆ, ರಿಟ್ ಕಳಿಸುವಂತಿಲ್ಲ. ಆ ಅದಾಲತ್ ಜೈಲಿಗೆ ಹಾಕಿದವರನ್ನು ಬಿಡಿಸುವ ಅಧಿಕಾರ ಸುಪ್ರೀಂ ಕೋರ್ಟಿಗಿಲ್ಲ.

ಇದರ ಒಳಗಿನ ವ್ಯಂಗ್ಯ ನೋಡಿ. ಪುಣೆಯಲ್ಲಿ ಅದೇ ಹುಡುಗನನ್ನು ಒಬ್ಬ ಇಂಗ್ಲಿಷ್ ಸಾಹೇಬ ಕೂಡಿಹಾಕಿದ್ದರೆ ಬಾಂಬೆಯ ರಿಟ್ ಘಾಟು ಹತ್ತಿ ಹೋಗುತ್ತಿತ್ತು. ಪೇಶ್ವೆಯ ನಂಟ ಕೂಡಿಹಾಕಿದರೆ ಹೋಗದು. ಹುಡುಗನಿಗೆ ಸಿಗುವ ರಕ್ಷಣೆ ಅವನನ್ನು ಹಿಡಿದವನ ಕುಲದ ಮೇಲೆ ನಿಂತಿತ್ತು.

ನಿಮ್ಮ ಸಹೋದ್ಯೋಗಿ ಹೇಳುವುದು ಇಷ್ಟರ ಮಟ್ಟಿಗೆ ಸರಿ. ಅಧಿಕಾರದ ವ್ಯಾಪ್ತಿಯ ಪ್ರಶ್ನೆಯಲ್ಲಿ ಜಡ್ಜ್ ಸೋತರು. ಆದರೆ ತೀರ್ಪು ಗವರ್ನರ್ ಬರೆದ ಪತ್ರವನ್ನು ಸರಿ ಅನ್ನಲಿಲ್ಲ. ಜಡ್ಜ್ ತಪ್ಪು ಮಾಡಿದರು ಅಂತ ಪ್ರಿವಿ ಕೌನ್ಸಿಲ್ ಹೇಳಬೇಕು, ಗವರ್ನರ್ ಅಲ್ಲ. ತಪ್ಪು ಆದೇಶವನ್ನೂ ಮೇಲಿನ ಕೋರ್ಟ್ ತೆಗೆದುಹಾಕುವವರೆಗೆ ಪಾಲಿಸಬೇಕು ಅಲ್ವಾ? ‘ನಮಗೆ ತಪ್ಪು ಅನಿಸಿದೆ, ಪಾಲಿಸಬೇಡಿ’ ಅಂತ ಸರ್ಕಾರ ಊರಿಗೆಲ್ಲ ಹೇಳಿದರೆ ಕೋರ್ಟ್ ಯಾಕೆ ಬೇಕು? ಹೋಗಲಿ, ಅಧಿಕಾರ ಕಿಂಚಿತ್ತೂ ಇಲ್ಲದ ಕೋರ್ಟಿನ ಆದೇಶ ಆದೇಶವೇ ಅಲ್ಲ ಅನ್ನುವವರೂ ಇದ್ದಾರೆ. ಅದು ಇವತ್ತಿಗೂ ಮುಗಿಯದ ವಾದ, ನಿಮ್ಮ ಕೊನೆಯ ವರ್ಷದ ಹುಡುಗರಿಗೆ ಬಿಡಿ.

ಇಂಥ ಜಗಳ ಇದೇ ಮೊದಲಲ್ಲ. ಅರ್ಧ ಶತಮಾನದ ಹಿಂದೆ ಕಲ್ಕತ್ತೆಯಲ್ಲಿ, 1779–80ರಲ್ಲಿ, ಕಾಸಿಜೋಡಾದ ಜಮೀನುದಾರ ರಾಜನ ಮೇಲೆ ಅಲ್ಲಿನ ಸುಪ್ರೀಂ ಕೋರ್ಟ್ ಕ್ರಮ ತೆಗೆದುಕೊಂಡಾಗ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ನ ಕೌನ್ಸಿಲ್, ಕೋರ್ಟಿಗೆ ಸೊಪ್ಪು ಹಾಕಬೇಡ ಅಂತ ರಾಜನಿಗೆ ಹೇಳಿತು. ಕೋರ್ಟಿನ ಆಳುಗಳನ್ನು ಹಿಡಿಯಲು ಸಿಪಾಯಿಗಳನ್ನೇ ಕಳಿಸಿತು. 1781ರ ಕಾಯ್ದೆ ಆ ಕೋರ್ಟಿನ ರೆಕ್ಕೆ ಕತ್ತರಿಸಿತು. ಅಷ್ಟರಲ್ಲಿ ಹೇಸ್ಟಿಂಗ್ಸ್ ಇನ್ನೊಂದು ಕೆಲಸ ಮಾಡಿದ್ದ. ಮುಖ್ಯ ನ್ಯಾಯಮೂರ್ತಿ ಇಂಪೆಯನ್ನೇ ಕಂಪನಿಯ ದೊಡ್ಡ ಸಿವಿಲ್ ಕೋರ್ಟಾದ ಸದರ್ ದಿವಾನಿ ಅದಾಲತ್ತಿಗೂ ಮುಖ್ಯಸ್ಥನನ್ನಾಗಿ ಮಾಡಿ, ಹೆಚ್ಚಿನ ಸಂಬಳ ಗೊತ್ತುಮಾಡಿದ. ಜಗಳ ತಣ್ಣಗಾಯಿತು. ಮಾಲ್ಕಮ್ ಪತ್ರಕ್ಕಿಂತ ಇದು ಜಾಸ್ತಿ ಅಪಾಯದ ದಾರಿ ಅಂತ ನನ್ನ ಅಭಿಪ್ರಾಯ. ಪತ್ರವನ್ನಾದರೂ ತುಂಬಿದ ಕೋರ್ಟಿನಲ್ಲಿ ಓದಬಹುದು.

ಈಗ ಆನೆ ಕಥೆ. ಇದನ್ನು ಬಿಟ್ಟರೆ ನಾಟಕಕ್ಕೆ ಉಪ್ಪೇ ಇಲ್ಲ. ಕಂಪನಿಯ ಮೇಲ್ವಿಚಾರಣೆ ಮಾಡುವ ಮಂಡಳಿಯ ಅಧ್ಯಕ್ಷ ಲಾರ್ಡ್ ಎಲೆನ್‌ಬರೋ 1829ರ ಫೆಬ್ರವರಿಯಲ್ಲಿ ಮಾಲ್ಕಮ್‌ಗೆ ಒಂದು ಖಾಸಗಿ ಪತ್ರ ಬರೆದರು. ಕಂಪನಿಯ ಅಡ್ವೊಕೇಟ್ ಜನರಲ್ ಡಿವಾರ್ ಅವರನ್ನೇ ಮುಖ್ಯ ನ್ಯಾಯಮೂರ್ತಿ ಮಾಡುತ್ತಿದ್ದೇವೆ, ಜೊತೆಗೆ ಇನ್ನೊಬ್ಬ ಜಡ್ಜ್ ಬರುತ್ತಾರೆ, ಆಗ ಗ್ರಾಂಟ್ ಎರಡು ಸಾಕಾನೆಗಳ ನಡುವೆ ಸಿಕ್ಕಿಕೊಂಡ ಕಾಡಾನೆಯ ಹಾಗೆ ನಡೆಯುತ್ತಾರೆ ಎಂಬ ಮಾತು ಅದರಲ್ಲಿತ್ತು. ಖಾಸಗಿ ಪತ್ರ ಕಚೇರಿಯ ಕಡತಕ್ಕೆ ಸೇರಿ, ಅಲ್ಲಿಂದ ಪತ್ರಿಕೆಗಳಿಗೆ ಹೋಯಿತು. ದುಬಾರೆಯಲ್ಲಿ ಆನೆ ನೋಡಿದವರಿಗೆ, ಕಾಕನಕೋಟೆಯ ಖೆಡ್ಡಾ ಬಗ್ಗೆ ಅಜ್ಜಂದಿರಿಂದ ಕೇಳಿದವರಿಗೆ ಈ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಎರಡು ಕುಮ್ಕಿ ಆನೆ, ಅಂದರೆ ಪಳಗಿದ ಆನೆ, ಎರಡು ಕಡೆಯಿಂದ ಒತ್ತಿಕೊಂಡು ಬರುತ್ತವೆ, ನಡುವಿನದ್ದಕ್ಕೆ ತಿರುಗಲು ಜಾಗ ಇರುವುದಿಲ್ಲ. ಜಡ್ಜ್‌ಗಳನ್ನು ಸರ್ಕಾರದವರು ಹೇಗೆ ನೋಡುತ್ತಿದ್ದರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಕೋರ್ಟಿನ ಎದುರು ಸರ್ಕಾರದ ವಕಾಲತ್ತು ವಹಿಸುವವರೇ ಕೋರ್ಟಿನ ಮುಖ್ಯಸ್ಥರಾದರು.

ಗ್ರಾಂಟ್ 1830ರಲ್ಲಿ ಬಾಂಬೆ ಬಿಟ್ಟು ಕಲ್ಕತ್ತೆಗೆ ಹೋಗಿ ವಕೀಲಿಕೆ ಮಾಡಿದರು. ಮುಂದೆ ಅಲ್ಲಿನ ಸುಪ್ರೀಂ ಕೋರ್ಟಿನಲ್ಲೇ ಜಡ್ಜ್ ಆದರು. ಅವರ ಹೆಸರಿನವನೇ ಆದ ಮಗ ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಆದ, ಆಮೇಲೆ ಜಮೈಕಾದ ಗವರ್ನರ್ ಆದ.

ನಿಮ್ಮ ನಾಟಕಕ್ಕೆ ಬರೋಣ. ಮೂರು ದಾರಿ ಕಾಣುತ್ತವೆ.

ಗ್ರಾಂಟ್ ಅವರನ್ನು ನಾಯಕ ಮಾಡುವುದು ಸುಲಭದ ದಾರಿ. ಚಪ್ಪಾಳೆ ಗ್ಯಾರಂಟಿ. ಆದರೆ ಕೊನೆಗೆ ಪ್ರಿವಿ ಕೌನ್ಸಿಲ್ ತೀರ್ಪು ಹೇಳಲೇಬೇಕು. ಹೇಳದೆ ಪರದೆ ಎಳೆದರೆ ವಾಟ್ಸಾಪ್ ಸಂದೇಶಕ್ಕೂ ನಿಮ್ಮ ನಾಟಕಕ್ಕೂ ವ್ಯತ್ಯಾಸ ಇಲ್ಲ. ಕಾನೂನು ಕಾಲೇಜಿನಲ್ಲಿ ಅದು ಚೆನ್ನಾಗಿರಲ್ಲ.

ಮಾಲ್ಕಮ್ ಕಡೆಯಿಂದ ಹೇಳಿದರೆ ಹೊಸತನ ಇರುತ್ತದೆ, ಸಹೋದ್ಯೋಗಿಗೂ ಖುಷಿ. ಅಪಾಯ ಏನೆಂದರೆ, ‘ಪರಿಸ್ಥಿತಿ ಹಾಗಿತ್ತು, ಕೋರ್ಟ್ ಸ್ವಲ್ಪ ಸುಮ್ಮನಿರಬೇಕಿತ್ತು’ ಅನ್ನುವ ಮಾತು ಸಂವಿಧಾನ ದಿನದಂದು ವೇದಿಕೆ ಮೇಲಿಂದ ಕೇಳಿಸುತ್ತದೆ. ಆ ಮಾತನ್ನು ಎಲ್ಲ ಕಾಲದ ಎಲ್ಲ ಸರ್ಕಾರಗಳೂ ಆಡಿವೆ. ಎದುರಿಗೆ ಉತ್ತರ ಕೊಡುವ ಪಾತ್ರ ಇಲ್ಲದಿದ್ದರೆ ಈ ದಾರಿ ಬೇಡ.

ನನ್ನ ಮನಸ್ಸು ಇರುವುದು ಮೂರನೆಯದರ ಮೇಲೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಆ ಕೂಸಿನ ಕಡೆಯಿಂದ. ವೇದಿಕೆಯ ಒಂದು ಮೂಲೆಯಲ್ಲಿ ಒಂದು ಖಾಲಿ ಸ್ಟೂಲ್ ಇಡಿ. ಉದ್ದಕ್ಕೂ ಖಾಲಿಯೇ ಇರಲಿ. ಎಲ್ಲರೂ ಅದರ ಬಗ್ಗೆ ಮಾತಾಡಲಿ, ಅದರ ಮೇಲೆ ಯಾರೂ ಕೂರದಿರಲಿ. ಇದರಲ್ಲಿರುವ ಅಪಾಯ ಒಂದೇ: ಹುಡುಗನ ಬಾಯಿಗೆ ಮಾತು ತುರುಕುವ ಆಸೆ. ‘ನನ್ನನ್ನು ಕಾಪಾಡಿ’ ಅಂತ ಅವನು ಕೂಗುವ ಹಾಗೆ ಬರೆಯಬೇಡಿ. ಅವನಿಗೆ ಪಾಂಡುರಂಗ ರಾಮಚಂದ್ರರ ಮನೆಯಲ್ಲೇ ಇರಬೇಕು ಅನಿಸಿತ್ತಾ, ಬಾಂಬೆಗೆ ಹೋಗಬೇಕು ಅನಿಸಿತ್ತಾ ಅನ್ನುವುದು ಜಡ್ಜ್ ಮುಂದೆ ಬರಲೇ ಇಲ್ಲ.

ಇವತ್ತಿನ ಕಾನೂನಿಗೆ ಕೊಂಡಿ ಬೇಕಿದ್ದರೆ ಒಂದಿದೆ. ರಿಟ್ ಎಷ್ಟು ದೂರ ಓಡುತ್ತದೆ ಅನ್ನುವ ಪ್ರಶ್ನೆ 1829ಕ್ಕೆ ಮುಗಿಯಲಿಲ್ಲ. ಸಂವಿಧಾನ ಬಂದ ಮೇಲೂ, 1953ರ ಸಾಕಾ ವೆಂಕಟ ಸುಬ್ಬರಾವ್ ಪ್ರಕರಣದಲ್ಲಿ, ದೆಹಲಿಯಲ್ಲಿರುವ ಚುನಾವಣಾ ಆಯೋಗಕ್ಕೆ ಮದ್ರಾಸ್ ಹೈಕೋರ್ಟ್ ರಿಟ್ ಕಳಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದನ್ನು ಸರಿಪಡಿಸಲು 1963ರಲ್ಲಿ 15ನೇ ತಿದ್ದುಪಡಿ ಬರಬೇಕಾಯಿತು. ವ್ಯಾಜ್ಯದ ಕಾರಣ ಎಲ್ಲಿ ಹುಟ್ಟಿತೋ ಅಲ್ಲಿನ ಹೈಕೋರ್ಟೂ ರಿಟ್ ಕೊಡಬಹುದು ಅಂತಾಯಿತು. 226ನೇ ವಿಧಿಯ ಎರಡನೇ ಉಪವಿಧಿ ಓದಿಸಿ, ಹುಡುಗರೇ ಹಿಡಿದುಕೊಳ್ಳುತ್ತಾರೆ.

ಇನ್ನು ಮಕ್ಕಳ ಸುಪರ್ದಿಗಾಗಿ ಬರುವ ಹೇಬಿಯಸ್ ಕಾರ್ಪಸ್ ಅರ್ಜಿಗಳಲ್ಲಿ ಈಗ ಜಡ್ಜ್‌ಗಳು ಬುದ್ಧಿ ಬಂದ ಮಗುವನ್ನು ಚೇಂಬರಿಗೆ ಕರೆದು ಮಾತಾಡಿಸುವುದು ರೂಢಿ. ಅಂಥ ಒಂದು ಕೇಸಿನಲ್ಲಿ ನಾನು ಅಜ್ಜನ ಕಡೆ ವಕೀಲ. ಹುಡುಗನಿಗೆ 13 ಇರಬೇಕು. ಎರಡೂ ಕಡೆಯವರು ಎರಡು ದಿನ ವಾದ ಮಾಡಿದ್ದೆವು, ಹುಡುಗನ ಮನಸ್ಸಿನಲ್ಲಿ ಏನಿದೆ ಅಂತ ನಮಗೆಲ್ಲ ಗೊತ್ತು ಅನ್ನುವ ಹಾಗೆ. ಜಡ್ಜ್ ಅವನನ್ನು ಒಬ್ಬನನ್ನೇ ಒಳಗೆ ಕರೆದರು. ನಾವು ವರಾಂಡದಲ್ಲಿ ನಿಂತೆವು. ಹತ್ತು ನಿಮಿಷ ಬಿಟ್ಟು ಅವನು ಹೊರಗೆ ಬಂದ, ಕೈಯಲ್ಲಿ ಒಂದು ಪಾರ್ಲೆ ಜಿ ಪೊಟ್ಟಣ. ಏನು ಕೇಳಿದರಪ್ಪ ಅಂದೆ. ‘ಎಲ್ಲಿರ್ತೀಯ ಅಂತ ಕೇಳಿದ್ರು’ ಅಂದ. ಅಷ್ಟು ಹೇಳಿ ಅಜ್ಜನ ಕಡೆಗೂ ಹೋಗದೆ, ಅಪ್ಪನ ಕಡೆಗೂ ಹೋಗದೆ ಬೆಂಚಿನ ತುದಿಯಲ್ಲಿ ಕೂತು ಬಿಸ್ಕತ್ತು ತಿನ್ನತೊಡಗಿದ.